ಮುಗುಳ್ನಗೆ: ಅರಳದೆ ನಿಂತ ನಗುವಿನ ಕಥೆ

ಶ್ರವಣಬೆಳಗೊಳದ ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನೇರಿ, ಕೊನೆಯ ಬಾಗಿಲು ದಾಟಿ ಒಳಾಂಗಣಕ್ಕೆ ಬಂದ ಯಾತ್ರಿಕರ ದೃಷ್ಟಿ ಮೊದಲು ಪಾದಗಳ ಮೇಲೆ ನಿಲ್ಲುತ್ತದೆ. ಅಲ್ಲಿಂದ ಹುತ್ತ, ಹುತ್ತದಿಂದ ಇಣುಕುವ ಸರ್ಪ, ತೊಡೆಯನ್ನೂ ತೋಳನ್ನೂ ಬಳಸಿ ಏರಿದ ಮಾಧವೀ ಲತೆ. ಹೀಗೆ ಕಣ್ಣು ಮೆಲ್ಲಮೆಲ್ಲನೆ ಮೇಲೇರಿ ಕಟ್ಟಕಡೆಗೆ ಮುಖವನ್ನು ಮುಟ್ಟುತ್ತದೆ. ಹಿರಿಯರು ಕೈಮುಗಿದು ಮೌನವಾಗುತ್ತಾರೆ. ಜೊತೆಯಲ್ಲಿ ಬಂದ ಮಕ್ಕಳು ಮಾತ್ರ ಸುಮ್ಮನಿರುವುದಿಲ್ಲ. “ಅಜ್ಜಾ, ಸ್ವಾಮಿ ಯಾಕೆ ನಗ್ತಾ ಇದ್ದಾರೆ?” ಎಂದು ಕೇಳಿಬಿಡುತ್ತಾರೆ.

ಪ್ರಶ್ನೆ ಎಳೆಯದು. ಉತ್ತರ ಅಷ್ಟು ಸುಲಭವಲ್ಲ. ಜೈನ ಕರ್ಮಸಿದ್ಧಾಂತವನ್ನು ಸ್ವಲ್ಪವಾದರೂ ಬಲ್ಲ ಅಜ್ಜನಾಗಿದ್ದರೆ ಆತನಿಗೆ ತೊಡಕು ಇನ್ನೂ ಹೆಚ್ಚು. ಏಕೆಂದರೆ ಈ ಸಿದ್ಧಾಂತದಲ್ಲಿ ನಗೆಯೂ ಒಂದು ಕರ್ಮದ ಫಲ. ಅದು ಮೋಹನೀಯ ಕರ್ಮದ ಕುಟುಂಬಕ್ಕೆ ಸೇರಿದ್ದು. ಎಲ್ಲ ಮೋಹವನ್ನೂ ಗೆದ್ದ ಮಹಾಪುರುಷನ ತುಟಿಯ ಮೇಲೆ ಮೋಹದ ಗುರುತು ಇರಬಹುದೆ? ಇರಬಾರದೆಂದರೆ, ಸಾವಿರ ವರ್ಷಗಳಿಂದ ಜನ ಅಲ್ಲಿ ಕಾಣುತ್ತಿರುವುದಾದರೂ ಏನು?

ಜನ ಅದಕ್ಕೆ ಇಟ್ಟಿರುವ ಹೆಸರು ಮುಗುಳ್ನಗೆ. ಉತ್ತರವನ್ನು ಹುಡುಕಲು ಆ ಪದದಿಂದಲೇ ಹೊರಡುವುದು ಒಳ್ಳೆಯದು.

ಮುಗುಳ್ ಮತ್ತು ನಗೆ ಎಂಬ ಎರಡು ಅಚ್ಚಗನ್ನಡ ಪದಗಳು ಕೂಡಿ ಆದ ಸಮಾಸವಿದು. ಮುಗುಳಿನಂತಹ ನಗೆ ಎಂದು ಬಿಡಿಸಿದರೆ ಕರ್ಮಧಾರಯ. ಮುಗುಳ್ ಎಂದರೆ ಮೊಗ್ಗು, ಇನ್ನೇನು ಅರಳಬೇಕೆನ್ನುವ ಹೂವು. ಹಳಗನ್ನಡದ ವ್ಯಂಜನಾಂತ ಪದಗಳು ಕಾಲಕ್ರಮದಲ್ಲಿ ಕೊನೆಗೊಂದು ಉಕಾರವನ್ನು ತಂದುಕೊಂಡವು. ಬಾಳ್ ಬಾಳಾಯಿತು, ಕಣ್ ಕಣ್ಣಾಯಿತು, ಮುಗುಳ್ ಮುಗುಳಾಯಿತು. ಆದರೆ ಸಮಾಸದ ಒಳಗೆ ಸಿಕ್ಕಿಕೊಂಡ ಪದ ಹಳೆಯ ರೂಪವನ್ನು ಬಿಟ್ಟುಕೊಡಲಿಲ್ಲ. ಹಳಗನ್ನಡವನ್ನು ಕಲಿಯದವರೂ ದಿನಕ್ಕೊಂದು ಬಾರಿಯಾದರೂ ಮುಗುಳ್ನಗೆ ಎನ್ನುವಾಗ ಪಂಪನ ಕಾಲದ ವ್ಯಂಜನಾಂತವೊಂದನ್ನು ತಮಗೆ ತಿಳಿಯದೆಯೇ ಉಚ್ಚರಿಸುತ್ತಿರುತ್ತಾರೆ.

ನೆರೆಹೊರೆಯ ಭಾಷೆಗಳಲ್ಲಿ ಇದೇ ಮುಖಭಾವಕ್ಕೆ ಇರುವ ಹೆಸರುಗಳನ್ನು ನೋಡಬೇಕು. ತಮಿಳಿನಲ್ಲಿ ಪುನ್ನಗೈ, ಮಲಯಾಳದಲ್ಲಿ ಪುಂಚಿರಿ, ತೆಲುಗಿನಲ್ಲಿ ಚಿರುನವ್ವು. ಮೂರರ ಅರ್ಥವೂ ಒಂದೇ, ಸಣ್ಣ ನಗು. ಕನ್ನಡದಲ್ಲಿಯೂ ಕಿರುನಗೆ, ನಸುನಗೆ ಎಂಬ ಮಾತುಗಳಿವೆ. ಇವೆಲ್ಲ ನಗೆಯ ಅಳತೆಯನ್ನು ಹೇಳುವ ಪದಗಳು. ಮುಗುಳ್ನಗೆ ಅಳತೆಯನ್ನು ಹೇಳುವುದಿಲ್ಲ, ಅವಸ್ಥೆಯನ್ನು ಹೇಳುತ್ತದೆ. ಮೊಗ್ಗು ಚಿಕ್ಕ ಹೂವಲ್ಲ. ಹೂವಿನಲ್ಲಿ ಇರುವುದೆಲ್ಲವೂ ಅದರಲ್ಲಿದೆ, ಹೊರಗೆ ಚೆಲ್ಲಿಲ್ಲ, ಅಷ್ಟೆ. ತೆಲುಗರು ಮೊಳಕೆಯ ನಗುವೆಂಬ ಅರ್ಥದಲ್ಲಿ ಮೊಲಕನವ್ವು ಎನ್ನುವುದುಂಟು. ಆ ಕಲ್ಪನೆ ಕನ್ನಡದ ಮುಗುಳಿಗೆ ಹತ್ತಿರದ್ದು.

ಪದದ ಬೇರು ಇನ್ನೂ ಆಳಕ್ಕೆ ಹೋಗುತ್ತದೆ. 1894ರಲ್ಲಿ ಪ್ರಕಟವಾದ ಕಿಟೆಲ್ ಅವರ ನಿಘಂಟನ್ನಾಗಲಿ, ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶವನ್ನಾಗಲಿ ತೆರೆದರೆ, ಮುಗುಳ್ ಎಂಬ ನಾಮಪದದ ಬದಿಯಲ್ಲಿ ಮುಗಿ ಎಂಬ ಕ್ರಿಯಾಪದ ಕಾಣುತ್ತದೆ. ಹೂವು ಮುಚ್ಚಿಕೊಳ್ಳುವುದು, ದಳಗಳು ಕೂಡಿಕೊಳ್ಳುವುದು ಎಂಬುದು ಅದರ ಅರ್ಥ. ತಮಿಳಿನ ಮುಗಿೞ್ ಇದರ ಒಡಹುಟ್ಟು. ಮೊಗ್ಗು, ಮೊಗ್ಗಾಗು, ಕೈಗಳನ್ನು ಕೂಡಿಸು ಎಂಬ ಅರ್ಥಗಳೆಲ್ಲ ಅಲ್ಲಿಯೂ ಉಂಟು. ಸಂಸ್ಕೃತದ ಮುಕುಲವೂ ಇದೇ ದ್ರಾವಿಡ ಮೂಲದಿಂದ ಹೋದದ್ದೆಂದು ಹಲವು ವಿದ್ವಾಂಸರ ಅಭಿಪ್ರಾಯ. ಕೈಮುಗಿಯುವುದು ಎಂದರೆ ಎರಡು ಅಂಗೈಗಳು ತಾವರೆಯ ಮೊಗ್ಗಿನಂತೆ ಕೂಡಿಕೊಳ್ಳುವುದು. ಆದ್ದರಿಂದ ಭಕ್ತನ ಕೈಮುಗಿತಕ್ಕೂ ಮೂರ್ತಿಯ ಮುಗುಳ್ನಗೆಗೂ ಬೇರು ಒಂದೇ. ವಿಂಧ್ಯಗಿರಿಯ ಅಂಗಳದಲ್ಲಿ ಒಂದು ಮುಗುಳು ಮೇಲಿದೆ, ಇನ್ನೊಂದು ಕೆಳಗಿದೆ.

ಇನ್ನು ಸಂಸ್ಕೃತದ ಕಡೆಗೆ ಬರಬಹುದು. ಮುಗುಳ್ನಗೆಗೆ ಅಲ್ಲಿ ಸ್ಮಿತ, ಮಂದಹಾಸ, ದರಹಾಸ ಮೊದಲಾದ ಪದಗಳಿವೆ. ಭರತಮುನಿಯ ನಾಟ್ಯಶಾಸ್ತ್ರ ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆಯಾಗಿ ವಿಂಗಡಿಸಿ, ಮೊದಲೆರಡನ್ನು ಉತ್ತಮರಿಗೆ, ನಡುವಿನೆರಡನ್ನು ಮಧ್ಯಮರಿಗೆ, ಕೊನೆಯೆರಡನ್ನು ಅಧಮರಿಗೆ ಹಂಚಿಕೊಟ್ಟಿದೆ. ಸ್ಮಿತದಲ್ಲಿ ಕೆನ್ನೆ ಸ್ವಲ್ಪವೇ ಅರಳಬೇಕು, ಹಲ್ಲು ಕಾಣಬಾರದು, ಕುಡಿನೋಟದಲ್ಲಿ ಸೊಗಸಿರಬೇಕು ಎಂಬುದು ಅದರ ಲಕ್ಷಣ. ಇಲ್ಲಿಯ ಕುಡಿನೋಟ ಎಂಬ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಅದರ ಕೆಲಸ ಮುಂದೆ ಇದೆ.

ಸ್ಮಿತದ ಧಾತು ಸ್ಮಿ. ಇಂಗ್ಲಿಷಿನ ಸ್ಮೈಲ್ ಕೂಡ ಇದೇ ಪುರಾತನ ಮೂಲದಿಂದ ಬಂದದ್ದೆಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಜೈನ ಓದುಗರಿಗೆ ಅದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಸ್ಮಿ ಧಾತುವಿಗೆ ಸ್ಮಿತವೊಂದೇ ಮಗುವಲ್ಲ. ವಿಸ್ಮಯವೂ ಅದರ ಸಂತಾನವೇ, ಸ್ಮಯವೂ ಅದರ ಸಂತಾನವೇ. ಸ್ಮಯವೆಂದರೆ ಗರ್ವ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮದ ಎಂಬುದಕ್ಕೆ ಬಳಸುವ ಪದ ಇದೇ. ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು, ಶರೀರ ಎಂಬ ಎಂಟನ್ನು ಆಶ್ರಯಿಸಿ ಮನುಷ್ಯ ಬೀಗುವುದನ್ನು ಅವರು ಸ್ಮಯ ಎಂದಿದ್ದಾರೆ. ಸಮ್ಯಗ್ದರ್ಶನಕ್ಕೆ ಲಕ್ಷಣ ಹೇಳುವಾಗಲೂ ಅದು ಸ್ಮಯರಹಿತವಾಗಿರಬೇಕೆಂಬ ಷರತ್ತನ್ನು ಸೇರಿಸಿದ್ದಾರೆ. ತಪಸ್ಸು ಕೂಡ ಆ ಎಂಟರಲ್ಲಿ ಸೇರಿರುವುದನ್ನು ಗಮನಿಸಬೇಕು. ಉಪವಾಸ ಮಾಡಿದವನ ತುಟಿಯಂಚಿನಲ್ಲಿ, ಮಾಡದವನನ್ನು ಕಂಡಾಗ ಮೂಡುವ ಒಂದು ನಗೆಯಿದೆಯಲ್ಲ, ಅದು ಸ್ಮಿತವಲ್ಲ, ಸ್ಮಯ. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ತುಟಿ ಅಷ್ಟೇ ಬಾಗುತ್ತದೆ, ಕೆನ್ನೆ ಅಷ್ಟೇ ಮೇಲೇರುತ್ತದೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಮೋಹನೀಯ ಕರ್ಮಕ್ಕೆ 28 ಭೇದಗಳನ್ನು ಹೇಳುತ್ತದೆ. ದರ್ಶನಮೋಹನೀಯದ 3, ಕ್ರೋಧ ಮಾನ ಮಾಯೆ ಲೋಭಗಳು ನಾಲ್ಕು ಬಗೆಯಾಗಿ ಹರಡಿದ 16 ಕಷಾಯಗಳು, ಉಳಿದವು 9 ನೋಕಷಾಯಗಳು. ಈ ಒಂಬತ್ತರ ಸಾಲಿನಲ್ಲಿ ಮೊದಲು ಬರುವುದೇ ಹಾಸ್ಯ. ಅನಂತರ ರತಿ, ಅರತಿ, ಶೋಕ, ಭಯ, ಜುಗುಪ್ಸೆ ಮತ್ತು ಮೂರು ವೇದಗಳು. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಇಲ್ಲಿಯ ನಿಷೇಧಕ್ಕೆ ‘ಇಲ್ಲ’ ಎಂಬ ಅರ್ಥವನ್ನು ಕೊಡದೆ ‘ಈಷತ್’, ಅಂದರೆ ‘ಸ್ವಲ್ಪ’ ಎಂಬ ಅರ್ಥವನ್ನು ಕೊಡುತ್ತಾರೆ. ನೋಕಷಾಯವೆಂದರೆ ಕಷಾಯವೇ ಅಲ್ಲದ್ದಲ್ಲ, ಅಲ್ಪ ಕಷಾಯ. ತಾನಾಗಿ ದೊಡ್ಡ ಕೇಡು ಮಾಡದಿದ್ದರೂ ದೊಡ್ಡ ಕಷಾಯಗಳಿಗೆ ಬಾಗಿಲು ತೆರೆದುಕೊಡುವಂಥದ್ದು. ನಗೆಯಿಂದ ಹಗೆ ಹುಟ್ಟುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡದಲ್ಲಿ ಆ ಎರಡು ಪದಗಳ ನಡುವೆ ಇರುವುದು ಒಂದೇ ಅಕ್ಷರದ ಅಂತರ.

ಗೃಹಸ್ಥರ ಬದುಕಿನಲ್ಲಿ ನಗೆಯ ಮೇಲೆ ಶಾಸ್ತ್ರ ಇಟ್ಟಿರುವ ಕಾವಲು ಇನ್ನೂ ಸೂಕ್ಷ್ಮವಾದದ್ದು. ಸತ್ಯವ್ರತವನ್ನು ದೃಢಗೊಳಿಸುವ ಐದು ಭಾವನೆಗಳಲ್ಲಿ ಕ್ರೋಧ, ಲೋಭ, ಭಯಗಳ ತ್ಯಾಗದ ಜೊತೆಗೆ ಹಾಸ್ಯದ ತ್ಯಾಗವೂ ಸೇರಿದೆ. ಐದನೆಯದು ವಿಚಾರಿಸಿ ಮಾತನಾಡುವುದು. ಸುಳ್ಳು ಹುಟ್ಟುವುದು ಸಿಟ್ಟಿನಿಂದ, ಆಸೆಯಿಂದ, ಹೆದರಿಕೆಯಿಂದ ಎಂದು ಎಲ್ಲರೂ ಬಲ್ಲರು. ತಮಾಷೆಯಿಂದಲೂ ಹುಟ್ಟುತ್ತದೆ ಎಂಬುದನ್ನು ಸೂತ್ರಕಾರರು ಮರೆಯಲಿಲ್ಲ. ಅನರ್ಥದಂಡ ವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಕಂದರ್ಪ, ಅಂದರೆ ನಗೆ ಬೆರೆತ ಅಸಭ್ಯ ಮಾತು. ಎರಡನೆಯದು ಕೌತ್ಕುಚ್ಯ. ಅದೇ ನಗೆಮಾತಿಗೆ ಮುಖದ, ಮೈಯ ವಿಕಾರ ಚೇಷ್ಟೆಗಳು ಸೇರಿಕೊಂಡದ್ದು. ಮದುವೆಮನೆಯ ಪಡಸಾಲೆಯಲ್ಲಿ ಯಾರದೋ ತೊದಲನ್ನು, ಇನ್ಯಾರದೋ ಕುಂಟು ನಡಿಗೆಯನ್ನು ಅಣಕಿಸಿ ನಾಲ್ಕು ಜನರನ್ನು ನಗಿಸುವವನಿಗೆ ತಾನೊಂದು ವ್ರತವನ್ನು ಕೆಡಿಸುತ್ತಿದ್ದೇನೆಂಬ ಅರಿವೇ ಇರುವುದಿಲ್ಲ. ಈಗ ಅಂಥ ಅಣಕು ಮೊಬೈಲಿನ ಪರದೆಯ ಮೇಲೆ ಊರಿಂದೂರಿಗೆ ಹರಿದಾಡುತ್ತದೆ. ತರಗತಿಯಲ್ಲಿ ತಪ್ಪು ಉತ್ತರ ಕೊಟ್ಟ ಹುಡುಗನನ್ನು ನೋಡಿ ಉಪಾಧ್ಯಾಯರೇ ಒಂದು ನಗೆಚಾಟಿಕೆ ಹಾರಿಸಿದರೆ ಇಡೀ ತರಗತಿ ನಗುತ್ತದೆ. ಆ ಹುಡುಗ ಮುಂದೆಂದೂ ಕೈಯೆತ್ತುವುದಿಲ್ಲ. ದೀನರನ್ನು ಕಂಡು ನಗುವುದು, ಧರ್ಮಿಷ್ಠರನ್ನು ಗೇಲಿ ಮಾಡುವುದು ಹಾಸ್ಯವೇದನೀಯ ಕರ್ಮದ ಆಸ್ರವಕ್ಕೆ ಕಾರಣಗಳೆಂದು ಪೂಜ್ಯಪಾದರು ಎಣಿಸಿದ್ದಾರೆ.

ಗೊಮ್ಮಟ ಮೂರ್ತಿಯನ್ನು ಕಡೆಯಿಸಿದ ಚಾವುಂಡರಾಯನ ಒಂದು ಬಿರುದು ಇಲ್ಲಿ ನೆನಪಾಗುತ್ತದೆ. ಗಂಗರ ಮಂತ್ರಿಯೂ ಸೇನಾಪತಿಯೂ ಆಗಿದ್ದ ಆತನಿಗೆ ಯುದ್ಧಗಳನ್ನು ಗೆದ್ದು ಬಂದ ಬಿರುದುಗಳು ಅನೇಕ. ಸತ್ಯಯುಧಿಷ್ಠಿರ ಎಂಬುದು ಮಾತ್ರ ಬೇರೆ ಬಗೆಯದು. ಪರಿಹಾಸ್ಯಕ್ಕೂ ಸುಳ್ಳಾಡದವನಾದ್ದರಿಂದ ಅದು ಬಂತೆಂದು ಹೇಳಲಾಗಿದೆ. ರಣರಂಗದ ಬಿರುದುಗಳಿಗಿಂತ ಇದೇ ಕಷ್ಟದ್ದು ಎನ್ನಬೇಕು. ಹಾಸ್ಯತ್ಯಾಗವೆಂಬ ಭಾವನೆಯನ್ನು ಬದುಕಿನಲ್ಲಿ ಸಾಧಿಸಿದವನೇ, ಲೋಕವೆಲ್ಲ ನಗೆಮೊಗವೆಂದು ಕರೆಯುವ ಮೂರ್ತಿಯನ್ನು 981ರ ಸುಮಾರಿಗೆ ನಿಲ್ಲಿಸಿದ.

ಇನ್ನೊಂದು ಸಂಗತಿ ಇದಕ್ಕಿಂತ ಸೋಜಿಗದ್ದು. ಚಾವುಂಡರಾಯನ ಗುರುಗಳಲ್ಲಿ ಒಬ್ಬರಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರವನ್ನು ರಚಿಸಿದವರು. ಅದರ ಜೀವಕಾಂಡ, ಕರ್ಮಕಾಂಡಗಳಲ್ಲಿ ಯಾವ ಕರ್ಮ ಯಾವ ಗುಣಸ್ಥಾನದವರೆಗೆ ಉದಯದಲ್ಲಿರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬ ಲೆಕ್ಕವೆಲ್ಲ ಇದೆ. ಆ ಲೆಕ್ಕದಂತೆ ಹಾಸ್ಯಾದಿ ಆರು ನೋಕಷಾಯಗಳ ಉದಯ ಎಂಟನೆಯ ಅಪೂರ್ವಕರಣ ಗುಣಸ್ಥಾನದ ಕೊನೆಯಲ್ಲಿ ನಿಂತುಹೋಗುತ್ತದೆ. ಕ್ಷಪಕಶ್ರೇಣಿಯನ್ನೇರಿದ ಮುನಿಗೆ ಒಂಬತ್ತನೆಯ ಅನಿವೃತ್ತಿಕರಣದಲ್ಲಿ ಅವುಗಳ ಸತ್ತೆಯೂ ನಾಶವಾಗುತ್ತದೆ. ಕೇವಲಜ್ಞಾನ ಹದಿಮೂರನೆಯದು. ಅಲ್ಲಿಗೆ ತಲುಪಿದವರಲ್ಲಿ ಹಾಸ್ಯಕರ್ಮದ ಒಂದು ಕಣವೂ ಉಳಿದಿರುವುದಿಲ್ಲ. ನಗೆಯ ಕೊನೆ ಎಲ್ಲಿ ಎಂದು ಅಷ್ಟು ನಿಖರವಾಗಿ ಬರೆದ ಆಚಾರ್ಯರ ಕಾಲದಲ್ಲಿ, ಅವರ ಶಿಷ್ಯನ ಭಕ್ತಿಯಿಂದ ಈ ಮುಖ ಮೂಡಿತು. ಶಿಲ್ಪಿ ತಪ್ಪಿದನೆಂದು ಅವರಿಗೆ ತೋರಲಿಲ್ಲ.

ಹಾಗಾದರೆ ಅಲ್ಲಿ ಕಾಣುವುದು ಏನು?

ಜಿನಬಿಂಬದ ಲಕ್ಷಣವನ್ನು ಹೇಳಿದವರು ನಗೆಯನ್ನು ಕೇಳಲೇ ಇಲ್ಲ. 6ನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಅರ್ಹಂತರ ಪ್ರತಿಮೆ ಹೇಗಿರಬೇಕೆಂದು ವಿವರಿಸುವಾಗ ಮೊಣಕಾಲನ್ನು ಮುಟ್ಟುವ ತೋಳು, ಶ್ರೀವತ್ಸ, ದಿಗಂಬರತ್ವ, ತಾರುಣ್ಯ, ರೂಪ ಇವುಗಳೊಡನೆ ಪ್ರಶಾಂತವಾದ ಮೂರ್ತಿ ಎಂದು ಮಾತ್ರ ಹೇಳುತ್ತಾನೆ. ಶಿಲ್ಪಿಗೆ ಒಪ್ಪಿಸಿದ ಕೆಲಸ ಪ್ರಶಾಂತಿಯನ್ನು ಕಡೆಯುವುದು. ನೋಡುವವರಿಗೆ ಕಂಡದ್ದು ಮುಗುಳ್ನಗೆ.

ಈ ಎರಡರ ನಡುವಿನ ಸೇತುವೆ ಸಿಗುವುದು ದಶಭಕ್ತಿಗಳಲ್ಲಿ ಒಂದಾದ ಚೈತ್ಯಭಕ್ತಿಯಲ್ಲಿ. ಮುನಿಗಳೂ ಶ್ರಾವಕರೂ ದೇವವಂದನೆಯಲ್ಲಿ ಹೇಳಿಕೊಳ್ಳುವ ಸ್ತುತಿಯಿದು. ಅದರಲ್ಲಿ ಜಿನೇಂದ್ರನ ಮುಖವನ್ನು ಕುರಿತು ಒಂದು ಶ್ಲೋಕವಿದೆ. ಅದರ ಭಾವ ಹೀಗೆ: ಕೋಪವೆಂಬ ಬೆಂಕಿಯನ್ನು ಗೆದ್ದುದರಿಂದ ಆ ಕಣ್ಣುಗಳು ಕೆಂಪೇರಿಲ್ಲ, ವಿಕಾರವಿಲ್ಲದ್ದರಿಂದ ಕುಡಿನೋಟದ ಬಾಣಗಳನ್ನು ಅವು ಎಸೆಯುವುದಿಲ್ಲ, ವಿಷಾದವೂ ಮದವೂ ಅಳಿದುಹೋದುದರಿಂದ ಮುಖ ಸದಾ ನಗುತ್ತಿರುವಂತೆ ತೋರುತ್ತದೆ, ಹೃದಯದ ಆತ್ಯಂತಿಕ ಶುದ್ಧಿಯನ್ನು ಅದು ತಾನೇ ಹೇಳುವಂತಿದೆ. ಇಲ್ಲಿ ಸ್ತುತಿಕಾರರು ಪ್ರಹಸಿತ ಎಂದು ನೇರವಾಗಿ ಹೇಳದೆ ‘ಪ್ರಹಸಿತಾಯಮಾನ’ ಎಂಬ ಪದವನ್ನು ಇಟ್ಟಿದ್ದಾರೆ. ನಕ್ಕದ್ದು ಎಂದಲ್ಲ, ನಗುವಂತೆ ತೋರುವುದು ಎಂದು. ವ್ಯಾಕರಣದ ಒಂದು ಪ್ರತ್ಯಯ ಇಡೀ ಸಿದ್ಧಾಂತವನ್ನು ಕಾಪಾಡಿದೆ.

ನಾಟ್ಯಶಾಸ್ತ್ರದ ಸ್ಮಿತದಲ್ಲಿ ಕುಡಿನೋಟವಿದ್ದುದನ್ನು ಈಗ ನೆನೆಯಬೇಕು. ರಂಗದ ಮೇಲಿನ ಮುಗುಳ್ನಗೆ ಯಾರನ್ನೋ ಉದ್ದೇಶಿಸಿದ್ದು. ಅದಕ್ಕೊಂದು ಗುರಿಯಿದೆ, ಕಣ್ಣು ಆ ಗುರಿಯ ಕಡೆ ಓಡುತ್ತದೆ. ಮನೆಯಲ್ಲಿ, ಪೇಟೆಯಲ್ಲಿ, ಕಚೇರಿಯಲ್ಲಿ ಮನುಷ್ಯರು ಬೀರುವ ನಗೆಯೂ ಬಹುಮಟ್ಟಿಗೆ ಅಂಥದ್ದೇ: ಏನನ್ನೋ ಕೊಡಲು, ಏನನ್ನೋ ಪಡೆಯಲು, ಏನನ್ನೋ ಮುಚ್ಚಲು. ಜಿನಮುಖದಲ್ಲಿ ಕುಡಿನೋಟವಿಲ್ಲ, ದೃಷ್ಟಿ ಎಡಕ್ಕೂ ಬಲಕ್ಕೂ ಹೋಗದು. ಆದ್ದರಿಂದ ಆ ನಗೆಗೆ ಎದುರಾಳಿಯಿಲ್ಲ, ಸಾಕ್ಷಿ ಬೇಕಿಲ್ಲ. ವಿಷಾದ ತುಟಿಯನ್ನು ಕೆಳಕ್ಕೆ ಎಳೆಯುತ್ತದೆ, ಮದ ಅದನ್ನು ಒಂದು ಬದಿಗೆ ಕೊಂಕಿಸುತ್ತದೆ. ಎಳೆಯುವ ಎರಡೂ ಇಲ್ಲವಾದಾಗ ತುಟಿ ತನ್ನ ಸಹಜ ಸ್ಥಾನಕ್ಕೆ ಬಂದು ನಿಲ್ಲುತ್ತದೆ. ನಿದ್ದೆಯಲ್ಲಿರುವ ಕೂಸಿನ ಮುಖವನ್ನು ನೋಡಿದ ತಾಯಂದಿರಿಗೆ ಇದು ಅಪರಿಚಿತವೇನಲ್ಲ, ಕೂಸಿನಲ್ಲಿ ಕರ್ಮವೆಲ್ಲ ಇನ್ನೂ ಮಲಗಿದೆ ಎಂಬುದೊಂದು ವ್ಯತ್ಯಾಸ.

ಬಾಹುಬಲಿಯ ಕಥೆಯನ್ನು ಈ ಬೆಳಕಿನಲ್ಲಿ ಓದಿದರೆ ಅಲ್ಲಿ ಎರಡು ನಗೆಗಳಿಗೆ ಅವಕಾಶವಿತ್ತು. ಭರತನೊಡನೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಗೆದ್ದು, ಅಣ್ಣನನ್ನು ಎತ್ತಿ ಹಿಡಿದ ಗಳಿಗೆಯಲ್ಲಿ ಗೆದ್ದವನ ನಗೆ ಕೈಯಳತೆಯಲ್ಲಿತ್ತು. ಷಟ್ಖಂಡದ ಒಡೆಯನನ್ನು ಸೋಲಿಸಿದ ಸ್ಮಯ ಅದಾಗಿರುತ್ತಿತ್ತು. ಭರತ ಸಿಟ್ಟಿನಿಂದ ಪ್ರಯೋಗಿಸಿದ ಚಕ್ರರತ್ನ ತಮ್ಮನನ್ನು ನೋಯಿಸದೆ ನಿಂತಿತು. ಬಾಹುಬಲಿಗೆ ಬಂದದ್ದು ನಗೆಯಲ್ಲ, ವೈರಾಗ್ಯ. ರಾಜ್ಯವನ್ನು ಬಿಟ್ಟು ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತ. ಹುತ್ತ ಬೆಳೆಯಿತು, ಬಳ್ಳಿ ಹಬ್ಬಿತು, ಆದರೂ ಕೇವಲಜ್ಞಾನ ಉದಯಿಸಲಿಲ್ಲ. ಎದೆಯಲ್ಲಿ ಒಂದು ಸಣ್ಣ ಮುಳ್ಳು ಉಳಿದಿತ್ತು. ತನ್ನಿಂದ ಅಣ್ಣ ನೊಂದನಲ್ಲ ಎಂಬ ಸಂಕ್ಲೇಶವದು ಎಂದು ಜಿನಸೇನರ ಆದಿಪುರಾಣದ ಪರಂಪರೆ ಹೇಳುತ್ತದೆ. ನಿಂತಿರುವ ನೆಲ ಭರತನದೆಂಬ ಶಲ್ಯವೆಂದು ಕನ್ನಡ ನಾಡಿನ ಜನ ಹೇಳುತ್ತ ಬಂದಿದ್ದಾರೆ. ಶ್ವೇತಾಂಬರ ಕಥನದಲ್ಲಿ ಸೋದರಿಯರಾದ ಬ್ರಾಹ್ಮಿ, ಸುಂದರಿಯರು ಬಂದು ಮಾನವೆಂಬ ಆನೆಯಿಂದ ಇಳಿಯಲು ಹೇಳುತ್ತಾರೆ. ಮೊದಲನೆಯದು ವಿಷಾದದ ಕಡೆಯದು, ಕೊನೆಯದು ಮದದ ಕಡೆಯದು. ಚೈತ್ಯಭಕ್ತಿ ಹೆಸರಿಸುವ ಎರಡೂ ಇಲ್ಲಿವೆ. ಭರತ ಬಂದು ಪಾದಪೂಜೆ ಮಾಡಿದಾಗ ಮುಳ್ಳು ಕಳಚಿತು. ಅನಂತರ ಎಂಟನೆಯ ಗುಣಸ್ಥಾನದಿಂದ ಮೇಲಿನ ಶ್ರೇಣಿಯನ್ನು ಏರಲು ಒಂದು ಅಂತರ್ಮುಹೂರ್ತ, ಅಂದರೆ 48 ನಿಮಿಷಕ್ಕೂ ಕಡಿಮೆ ಕಾಲ ಸಾಕಾಯಿತು.

ವಿಂಧ್ಯಗಿರಿಯ ಶಿಲ್ಪಿ ಯಾವ ಗಳಿಗೆಯನ್ನು ಕಡೆದಿದ್ದಾನೆ ಎಂಬುದು ವಿಚಾರಿಸಬೇಕಾದ ವಿಷಯ. ಬಳ್ಳಿ, ಹುತ್ತಗಳು ವರ್ಷದ ತಪಸ್ಸನ್ನು ಹೇಳುತ್ತವೆ. ಮುಖ ಮಾತ್ರ ಆ ವರ್ಷದ್ದಲ್ಲ, ಮುಳ್ಳು ಕಳಚಿದ ನಂತರದ್ದು. ಒಂದೇ ಬಂಡೆಯಲ್ಲಿ ಎರಡು ಕಾಲಗಳು ಕೂಡಿವೆ. 1432ರ ಕಾರ್ಕಳದ ಮೂರ್ತಿ, 1604ರ ವೇಣೂರಿನ ಮೂರ್ತಿಗಳೂ ಇದೇ ಮಾದರಿಯವು. ಆದರೆ ವೇಣೂರಿನಲ್ಲಿ ಕೆನ್ನೆಗೆ ಗುಳಿ ಬಿದ್ದು ನಗೆ ಸ್ವಲ್ಪ ಎದ್ದು ಕಾಣುತ್ತದೆ. ಮುಗುಳು ಅಲ್ಲಿ ಒಂದು ದಳವನ್ನು ಬಿಚ್ಚಿದಂತಿದೆ. ಭಕ್ತರಿಗೆ ಅದೂ ಪ್ರಿಯವೇ. ಬೆಳಗೊಳದಲ್ಲಿ ಮಾತ್ರ ನಗೆ ಇದೆಯೆಂದು ದಿಟವಾಗಿ ಹೇಳುವುದೂ ಕಷ್ಟ, ಇಲ್ಲವೆನ್ನುವುದೂ ಕಷ್ಟ. ಬೊಪ್ಪಣ ಪಂಡಿತ 12ನೆಯ ಶತಮಾನದ ತನ್ನ ಶಾಸನಕಾವ್ಯದಲ್ಲಿ ಈ ಮೂರ್ತಿಗೆ ಎತ್ತರ, ಚೆಲುವು ಎರಡರ ಜೊತೆಗೆ ಅತಿಶಯವೆಂಬ ಮೂರನೆಯ ಗುಣವೂ ಒದಗಿದೆಯೆಂದು ಬೆರಗುಪಟ್ಟಿದ್ದಾನೆ.

ಸ್ಮಯದ ಪಾಠ ಮೂರ್ತಿಯನ್ನು ನಿಲ್ಲಿಸಿದವನಿಗೂ ತಪ್ಪಲಿಲ್ಲವೆಂದು ಸ್ಥಳದ ಐತಿಹ್ಯ ಹೇಳುತ್ತದೆ. ಇಂಥ ಮೂರ್ತಿಯನ್ನು ಕಡೆಯಿಸಿದವನು ತಾನೆಂದು ಚಾವುಂಡರಾಯ ಮನದಲ್ಲಿ ಬೀಗಿದನಂತೆ. ಮೊದಲ ಅಭಿಷೇಕಕ್ಕೆ ಕೊಡಗಟ್ಟಲೆ ಹಾಲು ಸುರಿದರೂ ಅದು ಕೆಳಗಿಳಿದು ಪಾದವನ್ನು ಮುಟ್ಟಲಿಲ್ಲ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಓಡಿನಲ್ಲಿ ತಂದ ಅಷ್ಟೇ ಅಷ್ಟು ಹಾಲು ಮೂರ್ತಿಯನ್ನೆಲ್ಲ ತೋಯಿಸಿ ಬೆಟ್ಟದ ಮೇಲೆ ಹರಿಯಿತು. ಆಕೆಯ ಓಡನ್ನು ನೋಡಿ ಮೊದಲು ನಕ್ಕವರು ಆ ಗುಂಪಿನಲ್ಲಿ ಇದ್ದಿರಲೇಬೇಕು.

ಗುಳ್ಳಕಾಯಜ್ಜಿಯ ಪ್ರತಿಮೆ ಇಂದಿಗೂ ಬಾಗಿಲ ಹೊರಗೆ, ಸ್ವಾಮಿಗೆ ಎದುರಾಗಿ ನಿಂತಿದೆ. ಕೈಯಲ್ಲಿ ಅದೇ ಪುಟ್ಟ ಕಾಯಿ. ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ ನಡೆಯುವಾಗ ಹಾಲು, ಎಳನೀರು, ಅರಿಸಿನ, ಗಂಧ, ಕೇಸರಿಗಳು ಒಂದಾದ ಮೇಲೊಂದರಂತೆ ಆ ಮುಖದ ಮೇಲೆ ಇಳಿಯುತ್ತವೆ. ಹಾಲಿನಲ್ಲಿ ಮುಖ ಮಸುಕಾಗುತ್ತದೆ, ಅರಿಸಿನದಲ್ಲಿ ಹೊನ್ನಾಗುತ್ತದೆ, ಚಂದನದಲ್ಲಿ ಕೆಂಪಾಗುತ್ತದೆ. ಕೆಳಗೆ ಅಜ್ಜನ ಹೆಗಲೇರಿ ಕುಳಿತ ಮಗು, ಬಣ್ಣ ತೊಳೆದುಹೋಗಿ ತುಟಿಗಳು ಮತ್ತೆ ಕಾಣಿಸಿಕೊಳ್ಳುವವರೆಗೂ ಕಣ್ಣು ಕೀಳದೆ ನೋಡುತ್ತಿರುತ್ತದೆ. ಯಾರೂ ಹೇಳಿಕೊಡದೆಯೇ ಅದರ ಎರಡು ಕೈಗಳೂ ಮುಗಿದಿರುತ್ತವೆ.